ಗಣ, ಮಾತ್ರೆ ಮತ್ತು ಬೀಜಗಣಿತ

ಕನ್ನಡ ತರಗತಿಗೂ ಬೀಜಗಣಿತಕ್ಕೂ ಏನು ನಂಟೆಂದು ವಿದ್ಯಾರ್ಥಿಗಳು ಕೇಳುವುದುಂಟು. ಛಂದಸ್ಸನ್ನು ಬೋಧಿಸುವಾಗಲೆಲ್ಲ ನನಗೆ ಆ ನಂಟು ಗೋಚರಿಸುತ್ತದೆ.

ಗಣಿತಜ್ಞರು ಜೋಡಿಗಳ ಸಮೂಹವನ್ನು ‘ಸಂಬಂಧ’ವೆನ್ನುತ್ತಾರೆ. ಜೋಡಿಗಳಲ್ಲಿ ಮೊದಲು ನಿಲ್ಲುವವೆಲ್ಲ ಸೇರಿ ಅದರ ‘ಡೊಮೇನ್’, ಎಂದರೆ ಕ್ಷೇತ್ರ. ಕ್ಷೇತ್ರದ ಪ್ರತಿಯೊಂದಕ್ಕೂ ಒಂದೇ ಒಂದು ಜೊತೆಯಿದ್ದರೆ ಆ ಸಂಬಂಧವು ‘ಫಂಕ್ಷನ್’ ಎನಿಸುತ್ತದೆ. ಯಾವುದಾದರೊಂದಕ್ಕೆ ಎರಡು ಜೊತೆ ಕಂಡರೂ ಆ ಹೆಸರು ಸಲ್ಲದು.

ನಮ್ಮ ಅಕ್ಷರಗಣಗಳನ್ನೇ ನೋಡೋಣ. ಲಘುವಿಗೆ 1 ಮಾತ್ರೆ, ಗುರುವಿಗೆ 2. ಮೂರು ಸ್ಥಾನಗಳಲ್ಲಿ ಇವನ್ನಿರಿಸಿದರೆ 8 ಗಣಗಳು. ನಗಣಕ್ಕೆ 3 ಮಾತ್ರೆ, ಭ, ಜ, ಸಗಣಗಳಿಗೆ 4, ಯ, ರ, ತಗಣಗಳಿಗೆ 5, ಮಗಣಕ್ಕೆ 6. ಇಲ್ಲಿ ಕ್ಷೇತ್ರವೆಂದರೆ ಎಂಟು ಗಣಗಳು. ಯಾವ ಗಣಕ್ಕೂ ಎರಡು ಮೊತ್ತಗಳಿಲ್ಲವಾಗಿ ಇದು ಫಂಕ್ಷನ್. ಮೂರು ಗಣಗಳು ಒಂದೇ ಮೊತ್ತವನ್ನು ಹಂಚಿಕೊಂಡರೂ ಬಾಧಕವಿಲ್ಲ.

ಜೋಡಿಗಳನ್ನು ತಿರುವುಮುರುವು ಮಾಡಿದರೆ ಕ್ಷೇತ್ರವು 3, 4, 5, 6 ಎಂಬ ನಾಲ್ಕೇ ಸಂಖ್ಯೆಗಳು. ಆದರೆ 4ಕ್ಕೆ ಮೂರು ಉತ್ತರಗಳು. ಇದು ಫಂಕ್ಷನ್ ಅಲ್ಲ. ಯಾವ ಸಂಖ್ಯೆಯ ವರ್ಗ 4 ಎಂದು ಕೇಳಿದಾಗ 2, −2 ಎರಡೂ ಬರುವಂತೆಯೇ ಇದು. ಅಲ್ಲಿ ಋಣಸಂಖ್ಯೆಗಳಿಗೆ ವಾಸ್ತವ ಸಂಖ್ಯೆಗಳಲ್ಲಿ ಉತ್ತರವೇ ಇಲ್ಲವಾದುದರಿಂದ ಅವು ಕ್ಷೇತ್ರದ ಹೊರಗೆ.

ಭಗಣವು ಗುರುವಿನಿಂದ ಇಳಿಯುತ್ತದೆ, ಸಗಣವು ಗುರುವಿಗೆ ಏರುತ್ತದೆ, ಜಗಣವು ನಡುವೆ ಗುರುವನ್ನಿಟ್ಟುಕೊಳ್ಳುತ್ತದೆ. ಮೊತ್ತ ಒಂದೇ, ನಡೆ ಬೇರೆ. ಪದ್ಯದ ಗತಿಯಿಂದ ಮಾತ್ರೆಯ ಲೆಕ್ಕಕ್ಕೆ ಹೋಗಬಹುದು. ಲೆಕ್ಕ ಮಾತ್ರ ಕೈಯಲ್ಲಿದ್ದವನು ಗತಿಗೆ ಮರಳಲಾರ. ಪರೀಕ್ಷೆಗಾಗಿ ಮೊತ್ತ ಬರೆದು ತೃಪ್ತರಾಗುವ ನಮ್ಮ ವಿದ್ಯಾರ್ಥಿಗಳು ಪದ್ಯವನ್ನು ಬಾಯಿಬಿಟ್ಟು ಓದಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.