ಮೇಳದಲ್ಲಿ ಹೇಳಿದ ಒಂದು ತಾರೀಕು

ಅಮೆರಿಕದ ಲಾಸ್ ವೇಗಸ್‌ನಲ್ಲಿ ಪ್ರತೀ ಜನವರಿ ‘ಸಿಇಎಸ್’ ಎಂಬ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳ ನಡೆಯುತ್ತದೆ. ನಮ್ಮವರಿಗೆ ಅದಕ್ಕಿಂತ ದುಬೈಯ ‘ಜೈಟೆಕ್ಸ್’ ಹೆಚ್ಚು ಪರಿಚಯ. 1981ರಿಂದ ನಡೆದು ಬಂದ ಆ ಮೇಳದ ಸುದ್ದಿ ಗಲ್ಫ್‌ನಲ್ಲಿ ದುಡಿಯುವವರ ಮನೆಗಳಿಗೆ ಹೊಸದಲ್ಲ. ಈಗಂತೂ ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ‘ಸ್ಟಾರ್ಟಪ್’ ಎಂಬ ಮಾತು ಊಟಕ್ಕೆ ಕೂತಾಗಲೂ ಬರುತ್ತದೆ. ಒಂದು ವಸ್ತು ಮಾಡಬೇಕು, ಮೇಳದಲ್ಲಿ ತೋರಿಸಬೇಕು, ಆಮೇಲೆ ಆರ್ಡರ್ ಬಂದೇ ಬರುತ್ತದೆ ಎಂಬ ಲೆಕ್ಕ ಹುಡುಗರದ್ದು. ಆರ್ಡರ್ ಬಂದ ಮೇಲೆ ಏನಾಗುತ್ತದೆ? ಅದಕ್ಕೆ ಪೆಬಲ್ ಎಂಬ ಕೈಗಡಿಯಾರದ ಕಥೆ ಒಮ್ಮೆ ಓದಬೇಕು.

ಎರಿಕ್ ಮಿಜಿಕೋವ್ಸ್ಕಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಓದಿನ ನಡುವೆ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ಗೆ ಹೋಗಿದ್ದಾಗ ಸೈಕಲ್ ತುಳಿಯುವ ಹೊತ್ತಲ್ಲಿ ಕಿಸೆಯ ಫೋನ್ ತೆಗೆದು ನೋಡುವುದೇ ಒಂದು ತಾಪತ್ರಯವಾಯಿತು. ಫೋನಿಗೆ ಬಂದ ಸಂದೇಶ ಕೈಗಡಿಯಾರದಲ್ಲೇ ಕಂಡರೆ ಹೇಗೆ? ಇದಿಷ್ಟೇ ವಿಚಾರ. ಮೊದಲು ಬ್ಲ್ಯಾಕ್‌ಬೆರಿ ಫೋನಿಗೆ ಹೊಂದುವ ‘ಇನ್‌ಪಲ್ಸ್’ ಎಂಬ ಗಡಿಯಾರ ಮಾಡಿದರು. ಅದು ಹೆಚ್ಚು ಓಡಲಿಲ್ಲ. ಎರಡನೆಯದಕ್ಕೆ ಬಂಡವಾಳ ಕೇಳಿಕೊಂಡು ಹೋದರೆ ಹೆಚ್ಚಿನವರು ಕೈಯಾಡಿಸಿಬಿಟ್ಟರು.

ಬೇರೆ ದಾರಿ ಕಾಣದೆ 2012ರ ಏಪ್ರಿಲ್ 11ರಂದು ‘ಕಿಕ್‌ಸ್ಟಾರ್ಟರ್’ನಲ್ಲಿ ಜನರ ಮುಂದೆಯೇ ಬಂದರು. ವಸ್ತು ತಯಾರಾಗುವ ಮೊದಲೇ ಗಿರಾಕಿ ಹಣ ಕೊಡುವ ವ್ಯವಸ್ಥೆ ಅದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪೂರ್ತಿ ಅಡ್ವಾನ್ಸ್. ಅವರು ಕೇಳಿದ್ದು 1 ಲಕ್ಷ ಡಾಲರ್. ಸುಮಾರು ಒಂದು ಸಾವಿರ ಗಡಿಯಾರಕ್ಕೆ ಸಾಕಾಗುವಷ್ಟು. ಅದು ಎರಡೇ ಗಂಟೆಯಲ್ಲಿ ಬಂತು. ಮೇ 18ಕ್ಕೆ ಲೆಕ್ಕ ಮುಗಿಸುವಾಗ 68,929 ಜನರಿಂದ 1 ಕೋಟಿ 2 ಲಕ್ಷ ಡಾಲರಿಗೂ ಹೆಚ್ಚು ಸೇರಿತ್ತು! ಸೆಪ್ಟೆಂಬರ್‌ನಲ್ಲಿ ಮಾಲು ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದರು.

ಸೆಪ್ಟೆಂಬರ್ ಬಂತು, ಹೋಯಿತು. ಗಡಿಯಾರ ಮಾತ್ರ ಬರಲಿಲ್ಲ.

ಮೋಸ ಏನೂ ಇರಲಿಲ್ಲ. ಆದರೆ ಒಂದು ಸಾವಿರಕ್ಕೆ ಮಾಡಿದ ಏರ್ಪಾಡು ಎಪ್ಪತ್ತು ಸಾವಿರಕ್ಕೆ ಆಗುವುದಿಲ್ಲ. ಸ್ಯಾಂಪಲನ್ನು ಕೈಯಲ್ಲಿ ಕೂತು ಜೋಡಿಸಬಹುದು, ಬಿರುಕಿದ್ದಲ್ಲಿ ಅಂಟು ಹಾಕಬಹುದು, ಮೇಜಿನ ಮೇಲಿಟ್ಟು ಲೈಟ್ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಖಾನೆಗೆ ಹೋದರೆ ಪ್ಲಾಸ್ಟಿಕ್ ಕವಚಕ್ಕೆ ಉಕ್ಕಿನ ಅಚ್ಚು ಬೇಕು. ಅಚ್ಚು ಕಡೆಯಲಿಕ್ಕೆ ವಾರಗಟ್ಟಲೆ, ಕೂದಲೆಳೆಯಷ್ಟು ವ್ಯತ್ಯಾಸವಾದರೆ ತಿದ್ದಲಿಕ್ಕೆ ಮತ್ತೆ ಅಷ್ಟೇ ದಿನ. ನೀರು ಒಳಗೆ ಹೋಗಬಾರದು ಎಂದು ಹೇಳಿದ ಮೇಲೆ ಅದನ್ನೂ ಪರೀಕ್ಷೆ ಮಾಡಿ ನೋಡಬೇಕು. ನೂರರಲ್ಲಿ ಒಂದು ಗಡಿಯಾರ ಹಾಳಾದರೂ ಸುಮಾರು ಏಳುನೂರು ಮನೆಗೆ ಹಾಳು ಮಾಲು ಹೋದ ಹಾಗೆ. ಮಂಗಳೂರಿನ ಬಂದರಿನಲ್ಲಿ ಅಂಗಡಿ ಇಟ್ಟು ಕೂತ ನಮ್ಮ ಹಿರಿಯರನ್ನು ಕೇಳಿ ನೋಡಿ, ಸ್ಯಾಂಪಲ್ ನೋಡಿ ಲೋಡಿಗೆ ಹಣ ಕೊಟ್ಟವರ ಪಾಡು ಅವರಿಗೆ ಬಾಯಿಪಾಠ.

ದುಡ್ಡು ಕೊಟ್ಟವರು ಕೇಳಲು ಶುರು ಮಾಡಿದ್ದರು. ಆ ಹೊತ್ತಿಗೆ ಬಂತು 2013ರ ಸಿಇಎಸ್. ಒಂದೂವರೆ ಲಕ್ಷದ ಆಸುಪಾಸು ಜನ ಬರುವ ಜಾಗ ಅದು, ದೊಡ್ಡ ಕಂಪೆನಿಗಳ ಸ್ಟಾಲ್‌ಗಳೇ ಮದುವೆ ಹಾಲ್‌ನಷ್ಟಿರುತ್ತವೆ. ಅಲ್ಲಿ ಜನವರಿ 9ರಂದು ಮಿಜಿಕೋವ್ಸ್ಕಿ ಪತ್ರಕರ್ತರ ಮುಂದೆ ನಿಂತು ಹೇಳಿದ ಮುಖ್ಯ ವಿಷಯ ಹೊಸ ತಂತ್ರಜ್ಞಾನದ್ದಲ್ಲ, ಒಂದು ತಾರೀಕು: ಜನವರಿ 23ರಿಂದ ಗಡಿಯಾರ ಕಳಿಸಲು ಶುರು ಮಾಡುತ್ತೇವೆ, ವಾರಕ್ಕೆ 15,000ದ ಲೆಕ್ಕದಲ್ಲಿ ತಯಾರಾಗುತ್ತಿದೆ.

ಧೈರ್ಯ ಬೇಕು ಮಾರಾಯ್ರೆ. ಈಗಾಗಲೇ ನಾಲ್ಕು ತಿಂಗಳು ತಡ. ಪ್ರಪಂಚದ ಪತ್ರಿಕೆಗಳೆಲ್ಲ ಬರೆದುಕೊಳ್ಳುವ ಜಾಗದಲ್ಲಿ ಇನ್ನೊಮ್ಮೆ ತಾರೀಕು ಹೇಳಿ ಅದೂ ತಪ್ಪಿದ್ದರೆ ಅಲ್ಲಿಗೆ ಕಂಪೆನಿ ಮುಗಿಯುತ್ತಿತ್ತು. ಹೇಳಿದ ದಿನವೇ ಕಳಿಸಲು ಶುರುವಾಯಿತು. ಎಲ್ಲರ ಕೈಗೆ ಮುಟ್ಟಲು ಮತ್ತೂ ತಿಂಗಳುಗಳು ಹಿಡಿದವು, ಅದು ಬೇರೆ ಮಾತು.

ಮುಂದಿನ ವರ್ಷ ಅದೇ ಮೇಳಕ್ಕೆ ‘ಪೆಬಲ್ ಸ್ಟೀಲ್’ ಎಂಬ ಲೋಹದ ಗಡಿಯಾರ ತಂದರು. ಬೆಲೆ 249 ಡಾಲರ್. ಈ ಸಲ ಮೇಳದಲ್ಲಿ ತೋರಿಸಿದ್ದನ್ನು ಅದೇ ತಿಂಗಳು ಕಳಿಸಲು ಶುರು ಮಾಡಿದರು. ನನಗೆ ಕೇಳಿದರೆ ಪೆಬಲ್‌ನ ನಿಜವಾದ ಗೆಲುವು ಕೋಟಿ ಡಾಲರ್ ಸೇರಿದ್ದಲ್ಲ, ಇದು.

ಆದರೂ ಕಂಪೆನಿ ಉಳಿಯಲಿಲ್ಲ. 2015ರಲ್ಲಿ ‘ಪೆಬಲ್ ಟೈಮ್’ಗೆ ಜನ ಮತ್ತೆ 2 ಕೋಟಿ ಡಾಲರಿಗೂ ಹೆಚ್ಚು ಮುಂಗಡ ಕೊಟ್ಟರು. ಅದೇ ಏಪ್ರಿಲ್‌ನಲ್ಲಿ ಆಪಲ್ ತನ್ನ ವಾಚ್ ಇಳಿಸಿತು. ಎಣಿಸಿದಷ್ಟು ಮಾರಾಟ ಆಗಲಿಲ್ಲ, ಮಾಲು ಗೋಡೌನಿನಲ್ಲಿ ಉಳಿಯಿತು. ಗಡಿಯಾರ ಯಾರಿಗಾಗಿ ಎಂಬ ಸ್ಪಷ್ಟತೆಯೇ ತಪ್ಪಿಹೋಗಿತ್ತು, ಬೆಳೆಯುವ ಅವಸರದಲ್ಲಿ ಓಡಿದೆವು ಎಂಬ ಅರ್ಥದಲ್ಲಿ ಮಿಜಿಕೋವ್ಸ್ಕಿಯವರೇ ಆಮೇಲೆ ಬರೆದಿದ್ದಾರೆ. 2016ರ ಮಾರ್ಚ್‌ನಲ್ಲಿ 40 ಮಂದಿಯನ್ನು ಕೆಲಸದಿಂದ ತೆಗೆದರು. ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದರು. ಸಾಫ್ಟ್‌ವೇರನ್ನು ಫಿಟ್‌ಬಿಟ್ ಕೊಂಡಿತು, ಫಿಟ್‌ಬಿಟನ್ನು 2021ರಲ್ಲಿ ಗೂಗಲ್ ಕೊಂಡಿತು.

ಬಾಗಿಲು ಹಾಕುವಾಗ ‘ಟೈಮ್ 2’ ಎಂಬ ಗಡಿಯಾರಕ್ಕೆ ಮುಂಗಡ ಕೊಟ್ಟು ಕಾಯುತ್ತಿದ್ದವರಿದ್ದರು. ಆ ಗಡಿಯಾರ ಆಗುವುದಿಲ್ಲ, ಹಣ ವಾಪಸ್ ಕೊಡುತ್ತೇವೆ ಎಂದು ಕಂಪೆನಿ ಹೇಳಿತು. ಕಿಕ್‌ಸ್ಟಾರ್ಟರ್‌ನಂಥ ಕಡೆ ಹಣ ಹಾಕಿ ಗಡಿಯಾರವೂ ಇಲ್ಲ, ಹಣವೂ ಇಲ್ಲ ಎಂದಾದವರು ಎಷ್ಟೋ ಮಂದಿ. ಪೆಬಲ್ ಹೆಸರನ್ನು ಜನ ಇನ್ನೂ ಒಳ್ಳೆಯ ಮಾತಿನಿಂದ ನೆನೆಯಲು ಇದೂ ಒಂದು ಕಾರಣ ಇರಬೇಕು.

ಕಥೆಗೆ ಬಾಲವೊಂದಿದೆ. 2025ರ ಜನವರಿಯಲ್ಲಿ ಗೂಗಲ್ ಪೆಬಲ್‌ನ ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಮಾರ್ಚ್‌ನಲ್ಲಿ ಮಿಜಿಕೋವ್ಸ್ಕಿ 149 ಡಾಲರಿನ ಹೊಸ ಗಡಿಯಾರಕ್ಕೆ ಆರ್ಡರ್ ತೆಗೆದುಕೊಳ್ಳಲು ಶುರು ಮಾಡಿದರು. ಈ ಸಲ ಹೊರಗಿನವರ ಬಂಡವಾಳ ಇಲ್ಲ, ಕಂಪೆನಿಯೂ ಸಣ್ಣದು. ಮಾಲು ಜುಲೈಯಲ್ಲಿ ಕೊಡುತ್ತೇವೆ ಎಂದರು. ಜುಲೈಯಲ್ಲಿ ಮೊದಲ ಗಡಿಯಾರಗಳು ಹೊರಟವು.