ಅರಸನ ಹೆಸರಿಲ್ಲದ ನಾಣ್ಯ

ನಾಣ್ಯದ ಬೆಲೆ ಅದರ ಮೇಲಿನ ಮುದ್ರೆಯಲ್ಲಿದೆಯೋ, ಒಳಗಿನ ಲೋಹದಲ್ಲಿದೆಯೋ ಎಂಬುದು ವಾಣಿಜ್ಯದಷ್ಟೇ ಹಳೆಯ ಪ್ರಶ್ನೆ. ಡಮಾಸ್ಕಸ್‌ನಿಂದ ಆಳಿದ ಉಮಯ್ಯದ್ ಖಲೀಫರ ಚಿನ್ನದ ದೀನಾರವು ಈ ಪ್ರಶ್ನೆಗೆ ನೀಡಿದ ಉತ್ತರ ಗಮನಾರ್ಹವಾದುದು.

ಅರಬರು ಸಿರಿಯಾ ಮತ್ತು ಈಜಿಪ್ಟ್‌ಗಳನ್ನು ಗೆದ್ದ ಬಳಿಕವೂ ಹಲವು ದಶಕಗಳವರೆಗೆ ಅಲ್ಲಿ ಬೈಜಾಂಟೈನ್ ಚಕ್ರವರ್ತಿಗಳ ಚಿನ್ನದ ನಾಣ್ಯವಾದ ಸಾಲಿಡಸ್ ಚಲಾವಣೆಯಲ್ಲಿತ್ತು. ಹೊಸ ಆಡಳಿತವು ಮೊದಲು ಅದನ್ನೇ ಅನುಕರಿಸಿತು. ಶಿಲುಬೆಯ ಅಡ್ಡಪಟ್ಟಿಯನ್ನಷ್ಟೇ ಕೈಬಿಟ್ಟಿತು. ಬಳಿಕ ಖಲೀಫ ಅಬ್ದುಲ್ ಮಲಿಕ್ ತನ್ನ ನಿಂತ ಆಕೃತಿಯುಳ್ಳ ನಾಣ್ಯಗಳನ್ನು ಟಂಕಿಸಿದನು. ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ, ಆ ಚಿತ್ರವನ್ನೂ ತೆಗೆದುಹಾಕಲಾಯಿತು. ಹೊಸ ದೀನಾರದ ಮೇಲೆ ಧಾರ್ಮಿಕ ವಾಕ್ಯಗಳು ಮತ್ತು ಟಂಕಿಸಿದ ವರ್ಷ ಮಾತ್ರ ಉಳಿದವು. ಖಲೀಫನ ಹೆಸರು ಸಹ ಇರಲಿಲ್ಲ.

ಸಾಲಿಡಸ್‌ನ ತೂಕ ಸುಮಾರು 4.5 ಗ್ರಾಂ, ಹೊಸ ದೀನಾರದ್ದು ಸುಮಾರು 4.25 ಗ್ರಾಂ. ತೂಕದಲ್ಲಿ ಕಡಿಮೆಯಿದ್ದರೂ ಅದು ಜನಮನ್ನಣೆ ಗಳಿಸಲು ಏಕರೂಪದ ತೂಕ ಮತ್ತು ಅಪರಂಜಿಗೆ ಸಮೀಪವಾದ ಶುದ್ಧತೆಯೇ ಆಧಾರವಾದವು.

ಈ ಶಿಸ್ತನ್ನು ಪರೀಕ್ಷಿಸುವ ಸಾಧನವೂ ವರ್ತಕರ ಕೈಯಲ್ಲಿತ್ತು. ಈಜಿಪ್ಟ್‌ನಲ್ಲಿ ದೀನಾರ, ಅರ್ಧ ದೀನಾರ ಮತ್ತು ಮೂರನೆಯ ಒಂದು ದೀನಾರಕ್ಕೆ ಸರಿಹೊಂದುವ ಗಾಜಿನ ತೂಕದ ಬಿಲ್ಲೆಗಳನ್ನು ಅಧಿಕಾರಿಗಳ ಹೆಸರು ಒತ್ತಿ ಹೊರಡಿಸಲಾಗುತ್ತಿತ್ತು. ಗಾಜನ್ನು ಅರೆದರೆ ಅಥವಾ ಒಡೆದರೆ ಅದು ಕಣ್ಣಿಗೆ ಬೀಳುತ್ತದೆ. 11ನೆಯ ಶತಮಾನದ ಹೊತ್ತಿಗೆ, ಫಾತಿಮಿದ್ ಆಳ್ವಿಕೆಯ ಕೈರೋ ಪ್ರದೇಶದಲ್ಲಿ, ಎಣಿಸಿ ತೂಗಿ ಮೊಹರು ಮಾಡಿದ ದೀನಾರದ ಚೀಲಗಳು ಕೈಯಿಂದ ಕೈಗೆ ಸಾಗುತ್ತಿದ್ದವು. ಒಳಗಿನ ಮೊತ್ತವನ್ನು ಚೀಲದ ಮೇಲೆ ಬರೆದಿರುತ್ತಿತ್ತು. ನಮ್ಮಲ್ಲಿ ಬಳಕೆಯಲ್ಲಿರುವ 'ಸರಾಫ' ಎಂಬ ಪದವೂ ನಾಣ್ಯ ವಿನಿಮಯಗಾರನನ್ನು ಸೂಚಿಸುವ ಅರಬ್ಬಿ ಪದದಿಂದಲೇ ಬಂದಿದೆ.

ದೀನಾರದ ಕೀರ್ತಿ ದೂರಕ್ಕೂ ಹಬ್ಬಿತು. ಇಂಗ್ಲೆಂಡಿನ ಮರ್ಸಿಯಾ ರಾಜ್ಯದ ಅರಸ ಆಫಾ, 774ರ ಅಬ್ಬಾಸಿದ್ ದೀನಾರವೊಂದನ್ನು ಅನುಕರಿಸಿ, ಅರಬ್ಬಿ ಅಕ್ಷರಗಳ ನಡುವೆ ತನ್ನ ಹೆಸರನ್ನು ತಲೆಕೆಳಗಾಗಿ ಒತ್ತಿಸಿದನು. ಆ ನಾಣ್ಯ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಜೆರುಸಲೇಂನ ಕ್ರುಸೇಡರ್ ರಾಜ್ಯವು ಫಾತಿಮಿದ್ ದೀನಾರಗಳನ್ನು ನಕಲು ಮಾಡಿತಾದರೂ ಚಿನ್ನದ ಪ್ರಮಾಣವನ್ನು ಇಳಿಸಿತು. ಅಕ್ಷರಗಳು ಒಂದೇ ಆಗಿದ್ದರೂ ಒರೆಗಲ್ಲಿನ ಮೇಲೆ ಎರಡೂ ಒಂದೇ ಆಗಲಿಲ್ಲ.

ಲಾಂಛನವನ್ನು ಯಾರು ಬೇಕಾದರೂ ನಕಲು ಮಾಡಬಹುದು. ತೂಕ ಮತ್ತು ಶುದ್ಧತೆಯನ್ನು ಪ್ರತಿ ನಾಣ್ಯದಲ್ಲೂ ಕಾಯ್ದುಕೊಳ್ಳಬೇಕಾಗುತ್ತದೆ. ಸರಕಿಗೆ ತನ್ನ ಹೆಸರಿನ ಮುದ್ರೆ ಒತ್ತುವ ಪ್ರತಿಯೊಬ್ಬ ಉತ್ಪಾದಕನಿಗೂ ಈ ಮಾತು ಅನ್ವಯಿಸುತ್ತದೆ.