ಡಾಲರ್ ನೋಟಿನ ಮೇಲೆ ದೇವರ ಹೆಸರೇಕೆ?

ಪ್ರಶ್ನೆ: ಅಮೆರಿಕದಲ್ಲಿ ಧರ್ಮವೂ ಸರ್ಕಾರವೂ ಬೇರೆ ಬೇರೆ ಎನ್ನುತ್ತಾರೆ. ಹಾಗಿದ್ದರೆ ಡಾಲರ್ ನೋಟಿನ ಮೇಲೆ ‘ದೇವರಲ್ಲಿ ನಮ್ಮ ನಂಬಿಕೆ’ ಎಂಬರ್ಥದ ಸಾಲು ಏಕಿದೆ?

ಉತ್ತರ: ಆ ಸಾಲು ಅವರ ಸಂವಿಧಾನದಷ್ಟು ಹಳೆಯದಲ್ಲ. ಅಂತರ್ಯುದ್ಧದ ನಡುವೆ, 1864ರಲ್ಲಿ, ಎರಡು ಸೆಂಟಿನ ನಾಣ್ಯದ ಮೇಲೆ ಮೊದಲು ಬಂತು. ನೋಟಿಗೆ ಏರಿದ್ದು 1957ರಲ್ಲಿ. ಆಗ ಶೀತಲ ಸಮರದ ಕಾಲ. ದೇವರನ್ನು ಒಪ್ಪದ ಸೋವಿಯತ್ತರಿಗಿಂತ ತಾವು ಬೇರೆ ಎಂದು ತೋರಿಸುವ ಹುಮ್ಮಸ್ಸು. ತಮಾಷೆಯೆಂದರೆ, 1907ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹೊಸ ಚಿನ್ನದ ನಾಣ್ಯಗಳಿಂದ ಈ ಸಾಲನ್ನು ಕೈಬಿಡಿಸಿದ್ದರು. ಅವರೇನೂ ನಾಸ್ತಿಕರಲ್ಲ. ದುಡ್ಡಿನ ಮೇಲೆ ದೇವರ ಹೆಸರು ಹಾಕಿದರೆ ಅದು ದೇವರಿಗೇ ಅವಮಾನ ಎಂಬುದು ಅವರ ವಾದ. ಮರುವರ್ಷವೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿ ಮರಳಿ ತಂದಿತು.

ಧರ್ಮ, ಸರ್ಕಾರಗಳ ಬೇರ್ಪಡಿಕೆಯ ಮೂಲ ಸಂವಿಧಾನದ 1791ರ ಮೊದಲ ತಿದ್ದುಪಡಿ: ಕಾಂಗ್ರೆಸ್ ಯಾವ ಧರ್ಮವನ್ನೂ ಅಧಿಕೃತಗೊಳಿಸುವಂತಿಲ್ಲ, ಯಾರ ಆಚರಣೆಯನ್ನೂ ತಡೆಯುವಂತಿಲ್ಲ. ಎರಡರ ನಡುವಿನ ‘ಗೋಡೆ’ಯ ಮಾತು ಅಲ್ಲಿಲ್ಲ, ಅದು 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರಿಗೆ ಬರೆದ ಪತ್ರದಲ್ಲಿದೆ. ಆ ಬ್ಯಾಪ್ಟಿಸ್ಟರು ಅಪ್ಪಟ ಭಕ್ತರೇ. ಆದರೆ ಆ ರಾಜ್ಯದ ಅಧಿಕೃತ ಚರ್ಚು ಬೇರೆಯವರದು, ಇವರು ಅಲ್ಪಸಂಖ್ಯಾತರು. ರಾಜ್ಯಕ್ಕೆ ಅಧಿಕೃತ ಚರ್ಚು ಇರಲು ಸಾಧ್ಯವಾದದ್ದು ಹೇಗೆಂದರೆ, ತಿದ್ದುಪಡಿ ಆಗ ಕೇಂದ್ರಕ್ಕಷ್ಟೇ ಅನ್ವಯಿಸುತ್ತಿತ್ತು. ಮ್ಯಾಸಚೂಸೆಟ್ಸ್ ರಾಜ್ಯವು ಚರ್ಚಿಗಾಗಿನ ತೆರಿಗೆಯನ್ನು ಕೈಬಿಟ್ಟದ್ದು 1833ರಲ್ಲಿ.

ನೋಟಿನ ಸಾಲಿನ ವಿರುದ್ಧ ಕೆಲವರು ಕೋರ್ಟಿಗೂ ಹೋದರು. ಅದು ದೇಶಾಭಿಮಾನದ ಔಪಚಾರಿಕ ಮಾತಷ್ಟೇ ಎಂದು 1970ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಅಂಥ ದಾವೆಯನ್ನು ತಳ್ಳಿಹಾಕಿತು. ಈ ಸಮಜಾಯಿಷಿ ನನಗಂತೂ ಒಪ್ಪಿಗೆಯಿಲ್ಲ. ರೂಸ್‌ವೆಲ್ಟರ ವಾದವೇ ಹೆಚ್ಚು ಪ್ರಾಮಾಣಿಕ.